ಸಂಸದ್ ಟಿವಿ: ಹಿನ್ನೆಲೆ ಸಂಗೀತವಿಲ್ಲದೆ ನಾಯಕರನ್ನು ತೋರಿಸುವ ವಾಹಿನಿ

ಬೆಂಬಲಿಗರ ನಡುವೆ ನಾಯಕ ಕಾರಿನಿಂದ ಇಳಿಯುವ ಕ್ಷಣವನ್ನು ನಿಧಾನಗತಿಯಲ್ಲಿ ತೋರಿಸಿ, ಹಿನ್ನೆಲೆಗೆ ಸಿನಿಮಾ ಸಂಗೀತ ಕೂಡಿಸಿ, ಹೆಸರಿನ ಮುಂದೊಂದು ಬಿರುದು ಅಂಟಿಸಿ, ಇಬ್ಬರ ಭಿನ್ನಾಭಿಪ್ರಾಯಕ್ಕೆ ‘ಜಂಗೀಕುಸ್ತಿ’ ಎಂಬ ತಲೆಬರಹ ಕೊಡುವುದು ನಮ್ಮ ಸುದ್ದಿವಾಹಿನಿಗಳಿಗೆ ದಿನನಿತ್ಯದ ಕಸುಬಾಗಿದೆ. ನೋಡುವವರೂ ಇದಕ್ಕೆ ಒಗ್ಗಿಹೋಗಿದ್ದಾರೆ. ಮಂತ್ರಿಯೊಬ್ಬರು ಯಾವ ಮಸೂದೆ ಮಂಡಿಸಿದರು ಎಂದು ಹೇಳಲಾರದವರು ಕೂಡ ಅವರ ಮಗನ ಮದುವೆಗೆ ಯಾವ ಯಾವ ತಾರೆಯರು ಬಂದಿದ್ದರು ಎಂಬುದನ್ನು ಹೇಳಬಲ್ಲರು. ಇದೇ ಟಿವಿಯಲ್ಲಿ, ಇದೇ ಮೊಬೈಲಿನಲ್ಲಿ, ಚಂದಾ ಕೇಳದೆ ಸಿಗುವ ಇನ್ನೊಂದು ಸೇವೆಯಿದೆ. ಸಂಸತ್ತಿನ ಎರಡೂ ಸದನಗಳ ಕಲಾಪವನ್ನು ನೇರವಾಗಿ ಬಿತ್ತರಿಸುವ ಸಂಸದ್ ಟಿವಿಯನ್ನು ಹಲವು ಅಧಿವೇಶನಗಳಿಂದ ನೋಡುತ್ತ ಬಂದಿರುವ ಪ್ರೇಕ್ಷಕನಾಗಿ ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬ ನಾಯಕನಿಗೆ ಆ ಸ್ಥಾನದ ಯೋಗ್ಯತೆ ಇದೆಯೇ ಎಂದು ಸಾಮಾನ್ಯ ಮತದಾರನು ತನ್ನ ಕಣ್ಣಿನಿಂದಲೇ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮಲ್ಲಿಲ್ಲ. ಆದರೆ ನಾಯಕರ ನಡತೆಯನ್ನು ಮರೆಮಾಚಲು ಹೊರಟಾಗಲೆಲ್ಲ ಈ ವಾಹಿನಿ ತಾನು ಕಾಪಾಡಬೇಕಾದ ಘನತೆಗೇ ಕುಂದು ತರುತ್ತದೆ.

ಈ ಸೇವೆ ಒಂದೇ ಸಲಕ್ಕೆ ರೂಪುಗೊಂಡದ್ದಲ್ಲ. ರಾಷ್ಟ್ರಪತಿಗಳ ಭಾಷಣವನ್ನು ದೂರದರ್ಶನ ಮೊದಲು ನೇರವಾಗಿ ತೋರಿಸಿದ್ದು 1989ರ ಡಿಸೆಂಬರಿನಲ್ಲಿ; ಪ್ರಶ್ನೋತ್ತರ ವೇಳೆಯ ಪ್ರಸಾರ 1991ರ ಡಿಸೆಂಬರಿನಲ್ಲಿ ಆರಂಭವಾಯಿತು. 1996ರ ಮೇ ತಿಂಗಳಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ 13 ದಿನಗಳ ಸರ್ಕಾರ ವಿಶ್ವಾಸಮತ ಕೇಳಿದಾಗ ಆ ಚರ್ಚೆಯನ್ನು ದೇಶವೇ ಕುಳಿತು ನೋಡಿತು. ಬಹುಮತವಿಲ್ಲದ ಪ್ರಧಾನಿಯೊಬ್ಬರು ಸದನದಲ್ಲಿ ಮಾತನಾಡಿ, ರಾಜೀನಾಮೆ ಕೊಡಲು ರಾಷ್ಟ್ರಪತಿ ಭವನಕ್ಕೆ ಹೋದರು. ಸೋಲುವಾಗಲೂ ನಾಯಕನೊಬ್ಬ ಹೇಗೆ ತಲೆಯೆತ್ತಿ ನಿಲ್ಲಬಹುದು ಎಂಬುದನ್ನು ಅವರ ಪಕ್ಷಕ್ಕೆ ಎಂದೂ ಮತ ಹಾಕದವರು ಕೂಡ ಆ ದಿನ ಕಂಡರು. ಸೋಮನಾಥ ಚಟರ್ಜಿ ಅವರು ಸ್ಪೀಕರ್ ಆಗಿದ್ದಾಗ, 2006ರ ಜುಲೈ 24ರಂದು, ಲೋಕಸಭಾ ಟಿವಿ ಪೂರ್ಣ ಪ್ರಮಾಣದ ವಾಹಿನಿಯಾಯಿತು. 2011ರ ಆಗಸ್ಟಿನಲ್ಲಿ ರಾಜ್ಯಸಭಾ ಟಿವಿ ಬಂದಿತು. ಇವೆರಡನ್ನೂ ಸೇರಿಸಿ 2021ರ ಸೆಪ್ಟೆಂಬರ್ 15ರಂದು ಸಂಸದ್ ಟಿವಿ ಎಂದು ಹೆಸರಿಸಲಾಯಿತು. ಅಧಿವೇಶನದ ಸಮಯದಲ್ಲಿ ಎರಡು ಸದನಗಳಿಗೆ ಎರಡು ಪ್ರತ್ಯೇಕ ಪ್ರಸಾರಗಳು ನಡೆಯುತ್ತವೆ.

ನೋಡುವ ಅನುಭವದ ವಿಷಯಕ್ಕೆ ಬಂದರೆ, ಮೊದಲು ಗಮನಕ್ಕೆ ಬರುವುದು ಇಲ್ಲಿ ಇಲ್ಲದಿರುವ ಸಂಗತಿಗಳು. ಕಲಾಪದ ನಡುವೆ ಜಾಹೀರಾತು ಬರುವುದಿಲ್ಲ, ಪರದೆಯ ತುಂಬ ಕೆಂಪು ಅಕ್ಷರಗಳು ಓಡುವುದಿಲ್ಲ, ಮಾತನಾಡುತ್ತಿರುವವರ ಬಾಯಿಯಿಂದ ಮಾತು ಕಿತ್ತುಕೊಳ್ಳುವ ನಿರೂಪಕರಿಲ್ಲ. ಸದಸ್ಯರ ಹೆಸರು, ಪಕ್ಷ ಮತ್ತು ಕ್ಷೇತ್ರದ ವಿವರ ಕೆಳಗೆ ಕಾಣಿಸುತ್ತದೆ, ಅಷ್ಟೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ, ಅದಾದ ಮೇಲೆ ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಶೂನ್ಯ ವೇಳೆ. ರಾಜ್ಯಸಭೆಯಲ್ಲಿ 2014ರಿಂದ ಈ ಕ್ರಮ ಬದಲಾಗಿದ್ದು, ಪ್ರಶ್ನೋತ್ತರ ವೇಳೆ 12 ಗಂಟೆಗೆ ಆರಂಭವಾಗುತ್ತದೆ. ಹೊಸದಾಗಿ ನೋಡುವವರಿಗೆ ನಾನು ಹೇಳುವುದು ಪ್ರಶ್ನೋತ್ತರ ವೇಳೆಯಿಂದಲೇ ಆರಂಭಿಸಿ ಎಂದು. ಚುಕ್ಕೆ ಗುರುತಿನ ಪ್ರಶ್ನೆಗೆ, ಅಂದರೆ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಗೆ, ಸಚಿವರ ಲಿಖಿತ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಆದರೆ ಪ್ರಶ್ನೆ ಕೇಳಿದ ಸದಸ್ಯರು ಎದ್ದುನಿಂತು ಉಪಪ್ರಶ್ನೆ ಹಾಕಿದಾಗ ಸಚಿವರಿಗೆ ತಮ್ಮ ಇಲಾಖೆ ನಿಜವಾಗಿಯೂ ಗೊತ್ತಿದೆಯೇ ಎಂಬುದು ಒಂದೆರಡು ನಿಮಿಷದಲ್ಲಿ ತಿಳಿದುಬಿಡುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವವರೆಗೆ ಮಾತನ್ನು ಸುತ್ತಿ ಬಳಸಿ ಎಳೆಯುವವರು ಯಾರು, ಅಂಕಿಅಂಶಗಳನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವರು ಯಾರು, ವಿರೋಧ ಪಕ್ಷದವರು ಹೇಳಿದ ಒಳ್ಳೆಯ ಸಲಹೆಯನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಯಾರಿಗಿದೆ ಎಂಬುದು ಸಂಕಲನದ ಕತ್ತರಿ ತಾಗದೆ ಕಾಣುತ್ತದೆ. ಸುದ್ದಿವಾಹಿನಿಯ ಚರ್ಚೆಯಲ್ಲಿ ಅಬ್ಬರಿಸುವ ಕೆಲವರು ಇಲ್ಲಿ ಎಷ್ಟು ಅಳುಕುತ್ತಾರೆಂಬುದನ್ನೂ, ಯಾವ ಸುದ್ದಿಯಲ್ಲೂ ಕಾಣಿಸಿಕೊಳ್ಳದ ಕೆಲವರು ನೀರಾವರಿಯ ಬಗ್ಗೆಯೋ ರೈಲು ಮಾರ್ಗದ ಬಗ್ಗೆಯೋ ಎಷ್ಟು ಅಚ್ಚುಕಟ್ಟಾಗಿ ಮಾತನಾಡುತ್ತಾರೆಂಬುದನ್ನೂ ನೋಡಿದ ಮೇಲೆ, ಸುದ್ದಿವಾಹಿನಿಗಳು ಕೊಡುವ ‘ಪ್ರಭಾವಿ ನಾಯಕ’ ಎಂಬ ಪಟ್ಟ ನನಗೆ ಹೆಚ್ಚೇನೂ ಹೇಳುವುದಿಲ್ಲ.

ಖ್ಯಾತಿಯ ಬೆನ್ನೇರಿ ಸಂಸತ್ತಿಗೆ ಬಂದವರನ್ನು ಅಳೆಯಲು ಈ ವಾಹಿನಿ ಇನ್ನೂ ಹೆಚ್ಚು ಉಪಯುಕ್ತವಾಗಿದೆ. ಚಿತ್ರನಟರು, ಕ್ರೀಡಾಪಟುಗಳು, ಸಾಹಿತಿಗಳು ಸದನದಲ್ಲಿ ಇರಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಾಹಿತ್ಯ, ವಿಜ್ಞಾನ, ಕಲೆ ಮತ್ತು ಸಮಾಜಸೇವೆಯಲ್ಲಿ ಅನುಭವವುಳ್ಳ 12 ಮಂದಿಯನ್ನು ರಾಜ್ಯಸಭೆಗೆ ನಾಮನಿರ್ದೇಶನ ಮಾಡುವ ಅವಕಾಶವನ್ನು ಸಂವಿಧಾನವೇ ಕೊಟ್ಟಿದೆ. 1952ರ ಮೊದಲ ಪಟ್ಟಿಯಲ್ಲಿಯೇ ನಟ ಪೃಥ್ವಿರಾಜ್ ಕಪೂರ್ ಅವರ ಹೆಸರಿತ್ತು. ಮೈಸೂರಿನ ಆರ್.ಕೆ. ನಾರಾಯಣ್ ಅವರು ನಾಮನಿರ್ದೇಶಿತ ಸದಸ್ಯರಾಗಿ ಮಕ್ಕಳ ಶಾಲಾ ಚೀಲದ ಭಾರದ ಬಗ್ಗೆ ಮಾಡಿದ ಭಾಷಣವನ್ನು ಇಂದಿಗೂ ನೆನೆಯಲಾಗುತ್ತದೆ. ಬೆನ್ನು ಬಾಗಿ ನಡೆಯುವ ಮಕ್ಕಳ ಬಗ್ಗೆ ಅವರು ಎತ್ತಿದ ಮಾತು ದೇಶದಾದ್ಯಂತ ಚರ್ಚೆಯಾಗಿ, 1992ರಲ್ಲಿ ಪ್ರೊಫೆಸರ್ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗುವವರೆಗೆ ಹೋಯಿತು. ಅವರ ಮಾತಿಗೆ ವೀಡಿಯೊ ತುಣುಕಾಗಲಿ ಲಕ್ಷಗಟ್ಟಲೆ ವೀಕ್ಷಣೆಯಾಗಲಿ ಬೇಕಾಗಲಿಲ್ಲ. ಅದೇ ಪರಂಪರೆಯಲ್ಲಿ ಈಚಿನದನ್ನು ನೋಡಬೇಕೆಂದರೆ, 2024ರಲ್ಲಿ ನಾಮನಿರ್ದೇಶಿತರಾದ ಸುಧಾ ಮೂರ್ತಿ ಅವರು ಅದೇ ವರ್ಷದ ಜುಲೈನಲ್ಲಿ ಮಾಡಿದ ಚೊಚ್ಚಲ ಭಾಷಣ ವಾಹಿನಿಯ ಸಂಗ್ರಹದಲ್ಲಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯಲು ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಬೇಕೆಂಬ ವಿಷಯವನ್ನು ಅವರು ಮನೆಯ ಹಿರಿಯರು ಹೇಳುವಂತೆ ಸರಳವಾಗಿ ಹೇಳಿದರು. ತಮ್ಮ ಹೆಸರಿನಿಂದ ಒಂದು ವಿಷಯಕ್ಕೆ ಗಮನ ತಂದುಕೊಟ್ಟು, ಆ ಮೇಲೆ ಹೆಸರನ್ನು ಹಿಂದಿಟ್ಟು ವಿಷಯವನ್ನು ಮುಂದಿಡುವ ರೀತಿ ಇದು.

ಇನ್ನೊಂದು ಬಗೆಯ ಉದಾಹರಣೆಯೂ ಇದೆ. 2012ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ರೇಖಾ ನಾಮನಿರ್ದೇಶಿತರಾದರು; ಇಬ್ಬರ ಹಾಜರಾತಿಯೂ ಬಹಳ ಕಡಿಮೆಯಿತ್ತು, ಸದನದಲ್ಲಿಯೇ ಅದರ ಬಗ್ಗೆ ಆಕ್ಷೇಪ ಬಂದಿತು. ಸಚಿನ್ ಅವರು ತಮ್ಮ ಸಂಬಳ ಮತ್ತು ಭತ್ಯೆಯನ್ನು ಪ್ರಧಾನ ಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟದ್ದು ಮೆಚ್ಚಬೇಕಾದ ನಡೆ, ಆದರೆ ಅದು ಖಾಲಿ ಆಸನಕ್ಕೆ ಪರ್ಯಾಯವಲ್ಲ. ಅದೇ ಸಚಿನ್ 2017ರ ಡಿಸೆಂಬರ್ 21ರಂದು ಮಕ್ಕಳ ಆಟದ ಹಕ್ಕಿನ ಬಗ್ಗೆ ಮಾತನಾಡಲು ಎದ್ದುನಿಂತಾಗ ಸದನದಲ್ಲಿ ಬೇರೊಂದು ವಿಷಯಕ್ಕೆ ಗದ್ದಲ ನಡೆದಿತ್ತು. ಅವರು ಸುಮ್ಮನೆ ನಿಂತೇ ಇದ್ದರು, ಮಾತನಾಡಲು ಆಗಲೇ ಇಲ್ಲ. ಮರುದಿನ ಅದೇ ಭಾಷಣವನ್ನು ಫೇಸ್‌ಬುಕ್ಕಿನಲ್ಲಿ ವೀಡಿಯೊ ಮಾಡಿ ಹಾಕಿದರು. ಆ ದಿನದ ದೃಶ್ಯದಲ್ಲಿ ನನ್ನನ್ನು ಕಾಡುವುದು ಒಬ್ಬ ಪ್ರಸಿದ್ಧ ಆಟಗಾರನಿಗಾದ ಅವಮಾನವಲ್ಲ. ಅಲ್ಲಿ ಅವರ ಬದಲು ಈಶಾನ್ಯದ ಯಾವುದೋ ರಾಜ್ಯದ ಹೊಸ ಸದಸ್ಯರೊಬ್ಬರು ನಿಂತಿದ್ದರೂ ಅವರಿಗೂ ಹಾಗೆಯೇ ಆಗುತ್ತಿತ್ತು, ಆದರೆ ಆ ಸುದ್ದಿ ಯಾರಿಗೂ ತಲುಪುತ್ತಿರಲಿಲ್ಲ. ಕೂಗಾಟದಿಂದ ಸದನ ನಿಂತುಹೋದಾಗ ಮಾತು ಕಳೆದುಕೊಳ್ಳುವವರಲ್ಲಿ ಬಹುತೇಕರು ಹೆಸರಿಲ್ಲದವರೇ. ಹೆಸರಿದ್ದವರಿಗೆ ಫೇಸ್‌ಬುಕ್ ಇರುತ್ತದೆ.

ಮಂಡ್ಯದವರಿಗೆ ಈ ವಿಷಯ ಹೊಸದಲ್ಲ. ಅಂಬರೀಶ್ ಅವರನ್ನು ಅಲ್ಲಿನ ಜನ ಮೂರು ಬಾರಿ ಲೋಕಸಭೆಗೆ ಕಳುಹಿಸಿದರು. 2013ರ ಉಪಚುನಾವಣೆಯಲ್ಲಿ ರಮ್ಯಾ ಗೆದ್ದರು. 2019ರಲ್ಲಿ ಸುಮಲತಾ ಅವರು ಪಕ್ಷೇತರರಾಗಿ ನಿಂತು ಮುಖ್ಯಮಂತ್ರಿಗಳ ಮಗ, ನಟ ನಿಖಿಲ್ ಕುಮಾರಸ್ವಾಮಿ ಅವರನ್ನು ಸೋಲಿಸಿದರು. ಆ ಚುನಾವಣೆಯನ್ನು ಕನ್ನಡದ ವಾಹಿನಿಗಳು ವಾರಗಟ್ಟಲೆ ಸಿನಿಮಾ ಬಿಡುಗಡೆಯಂತೆ ತೋರಿಸಿದವು. ಪ್ರಚಾರಕ್ಕೆ ಬಂದ ನಾಯಕನಟರ ಮಾತು, ಅದಕ್ಕೆ ಎದುರಾಳಿಗಳ ಮರುಮಾತು, ಮತ್ತೆ ಅದಕ್ಕೆ ಅಭಿಮಾನಿಗಳ ಪ್ರತಿಕ್ರಿಯೆ. ಕಾವೇರಿ ನೀರು, ಕಬ್ಬಿನ ಬಾಕಿ, ಮೈಷುಗರ್ ಕಾರ್ಖಾನೆಯ ಸ್ಥಿತಿ ಇವೆಲ್ಲ ಆ ಸದ್ದಿನ ಕೆಳಗೆ ಮುಳುಗಿದವು. ಗೆದ್ದವರು ಆಮೇಲೆ ದೆಹಲಿಯಲ್ಲಿ ಏನು ಕೇಳಿದರು, ಎಷ್ಟು ಸಲ ಎದ್ದು ನಿಂತರು ಎಂಬುದನ್ನು ತೋರಿಸಲು ಆ ವಾಹಿನಿಗಳಲ್ಲಿ ಒಂದಕ್ಕೂ ಅಷ್ಟು ಉತ್ಸಾಹ ಇರಲಿಲ್ಲ. ಆ ಕೆಲಸಕ್ಕೆ ಸಂಸತ್ತಿನ ವಾಹಿನಿಯನ್ನೇ ನೋಡಬೇಕಾಯಿತು. ಮಂಡ್ಯವಿರಲಿ ಮಂಗಳೂರಿರಲಿ, ತಮ್ಮ ಸಂಸದರ ಹೆಸರನ್ನು ವಾಹಿನಿಯ ಯೂಟ್ಯೂಬ್ ಪುಟದಲ್ಲಿ ಒಮ್ಮೆ ಹುಡುಕಿ ನೋಡುವ ಕೆಲಸವನ್ನು ಪ್ರತಿಯೊಬ್ಬ ಮತದಾರರೂ ಮಾಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಈ ಸೇವೆಯ ಅತಿ ದೊಡ್ಡ ದೋಷವಿರುವುದು ಕ್ಯಾಮೆರಾ ಎತ್ತ ತಿರುಗಬೇಕೆಂಬ ನಿಯಮದಲ್ಲಿ. ಸದನದಲ್ಲಿ ಗದ್ದಲವಾದಾಗ, ಸದಸ್ಯರು ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಖಾಲಿ ಜಾಗಕ್ಕೆ, ಇಳಿದಾಗ, ದೃಶ್ಯವು ಪೀಠದಲ್ಲಿ ಕುಳಿತವರ ಮೇಲೆ ನಿಲ್ಲುತ್ತದೆ. ನೋಡುವವರಿಗೆ ಕೂಗು ಕೇಳುತ್ತದೆ, ಕೂಗುವವರು ಕಾಣುವುದಿಲ್ಲ. ದುರ್ನಡತೆಗೆ ಪ್ರಚಾರ ಸಿಗಬಾರದು ಎಂಬುದು ಇದಕ್ಕೆ ಕೊಡುವ ಕಾರಣ. ಆ ಕಾರಣದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಫಲಕ ಎತ್ತಿಹಿಡಿದು ಕ್ಯಾಮೆರಾ ಎಲ್ಲಿದೆಯೆಂದು ಹುಡುಕುವ ಸದಸ್ಯರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆದರೂ ಇದರಿಂದ ಆಗುವ ಅನ್ಯಾಯ ದೊಡ್ಡದು. ಗಂಭೀರವಾಗಿ ಪ್ರತಿಭಟಿಸುವವರು ಮತ್ತು ಕಾಗದ ಹರಿದು ತೂರುವವರು ಇಬ್ಬರೂ ಒಂದೇ ಸದ್ದಿನಲ್ಲಿ ಕರಗಿಹೋಗುತ್ತಾರೆ. 2023ರ ಆಗಸ್ಟಿನಲ್ಲಿ ಅವಿಶ್ವಾಸ ನಿರ್ಣಯದ ಚರ್ಚೆಯ ವೇಳೆ, ತಮ್ಮ ನಾಯಕರು ಮಾತನಾಡುವಾಗ ಕ್ಯಾಮೆರಾ ಹೆಚ್ಚು ಹೊತ್ತು ಸ್ಪೀಕರ್ ಅವರ ಮೇಲೆಯೇ ಇತ್ತು ಎಂದು ಕಾಂಗ್ರೆಸ್ ದೂರಿತು. ಅದಕ್ಕಿಂತ ಹಿಂದೆ, ಕಾಂಗ್ರೆಸ್ ನೇತೃತ್ವದ ಸರ್ಕಾರವೇ ಇದ್ದಾಗ, 2014ರ ಫೆಬ್ರುವರಿ 18ರಂದು ತೆಲಂಗಾಣ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗುವ ಹೊತ್ತಿಗೆ ನೇರ ಪ್ರಸಾರವೇ ನಿಂತುಹೋಗಿತ್ತು. ತಾಂತ್ರಿಕ ದೋಷವೆಂಬ ಸಮಜಾಯಿಷಿ ಬಂದಿತು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುವಾಗ ಪ್ರಸಾರದ ಧ್ವನಿ ಕೆಲಹೊತ್ತು ಕೇಳಿಸಲಿಲ್ಲ. ಅಧಿಕಾರದಲ್ಲಿ ಯಾರಿದ್ದರೂ ಈ ಕಾಯಿಲೆ ಒಂದೇ.

ಇದಕ್ಕೆ ಎದುರಾಗಿ, ತೋರಿಸಿದ್ದರಿಂದ ಒಳ್ಳೆಯದೇ ಆದ ದಿನವೂ ಇದೆ. 2008ರ ಜುಲೈ 22ರಂದು ವಿಶ್ವಾಸಮತದ ಚರ್ಚೆಯ ನಡುವೆ ಕೆಲವು ಸದಸ್ಯರು ನೋಟಿನ ಕಂತೆಗಳನ್ನು ತಂದು ಸದನದಲ್ಲಿ ಇಟ್ಟಾಗ ಲೋಕಸಭಾ ಟಿವಿ ಅದನ್ನು ಬಿತ್ತರಿಸಿತು. ಆ ನೋಟ ಸಂಸತ್ತಿಗೆ ಶೋಭೆ ತರುವಂಥದ್ದಾಗಿರಲಿಲ್ಲ. ಆದರೆ ಅದನ್ನು ಮುಚ್ಚಿದ್ದರೆ ಶೋಭೆ ಉಳಿಯುತ್ತಿತ್ತೇ? ಅಮೆರಿಕದಲ್ಲಿಯೂ ಜನಪ್ರತಿನಿಧಿ ಸಭೆಯ ಕ್ಯಾಮೆರಾಗಳು ಸಭೆಯ ಹತೋಟಿಯಲ್ಲೇ ಇರುತ್ತವೆ. 2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆ 15 ಸುತ್ತುಗಳವರೆಗೆ ಎಳೆದು, ಸಭೆಯ ನಿಯಮಗಳು ಇನ್ನೂ ಜಾರಿಗೆ ಬಂದಿರದ ಕಾರಣ ಅಲ್ಲಿನ ಕಲಾಪವನ್ನು ಬಿತ್ತರಿಸುವ ಸಿ-ಸ್ಪ್ಯಾನ್ ವಾಹಿನಿಯ ಸ್ವಂತ ಕ್ಯಾಮೆರಾಗಳಿಗೆ ಎಲ್ಲೆಡೆ ತಿರುಗುವ ಸ್ವಾತಂತ್ರ್ಯ ಸಿಕ್ಕಿತು. ಯಾರು ಯಾರ ಬಳಿ ಹೋಗಿ ಮಾತನಾಡಿದರು, ಯಾರು ಯಾರ ಮೇಲೆ ಏರಿಹೋದರು ಎಂಬುದನ್ನು ಜನ ಆ ಕೆಲವು ದಿನ ಬಿಡದೆ ನೋಡಿದರು. ನಮ್ಮ ಸದನಗಳಲ್ಲಿಯೂ ಇಡೀ ಸಭಾಂಗಣವನ್ನು ಕಾಣಿಸುವ ಒಂದು ಸ್ಥಿರ ದೃಶ್ಯವನ್ನು ಪ್ರತ್ಯೇಕ ಪ್ರಸಾರವಾಗಿ ಕೊಟ್ಟರೆ ಯಾರಿಗೂ ವಿಶೇಷ ಪ್ರಚಾರ ಸಿಗುವುದಿಲ್ಲ, ಯಾವುದೂ ಮುಚ್ಚಿಹೋಗುವುದಿಲ್ಲ.

ಕ್ಯಾಮೆರಾ ಇರುವುದರಿಂದಲೇ ನಾಯಕರು ನಟರಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. 1984ರಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯ ಸದಸ್ಯ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಸಂಗಡಿಗರು ದಿನದ ಕಲಾಪ ಮುಗಿದ ಮೇಲೆ ಖಾಲಿ ಸಭಾಂಗಣದಲ್ಲಿ ನಿಂತು ಎದುರಾಳಿಗಳಿಗೆ ಸವಾಲು ಹಾಕುತ್ತಿದ್ದರು. ಮನೆಯಲ್ಲಿ ಟಿವಿ ನೋಡುವವರಿಗೆ ಎದುರಾಳಿಗಳು ಉತ್ತರವಿಲ್ಲದೆ ಕುಳಿತಂತೆ ಕಾಣುತ್ತಿತ್ತು. ಆಗಿನ ಸ್ಪೀಕರ್ ಟಿಪ್ ಓನೀಲ್ ಅವರು ಖಾಲಿ ಕುರ್ಚಿಗಳನ್ನೂ ತೋರಿಸುವಂತೆ ಆದೇಶಿಸಿದರು. ಆ ಪರಿಹಾರ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಅದು ಕಡಿಮೆ ತೋರಿಸುವ ದಾರಿಯಲ್ಲ, ಹೆಚ್ಚು ತೋರಿಸುವ ದಾರಿ. ಇಂದು ನಮ್ಮ ಸದನಗಳಲ್ಲಿ ನಡೆಯುವುದೂ ಇದರ ಇನ್ನೊಂದು ರೂಪವೇ. ಐದು ನಿಮಿಷದ ಭಾಷಣದಲ್ಲಿ ನಾಲ್ಕು ನಿಮಿಷ ಮಸೂದೆಯ ಬಗ್ಗೆ ಮಾತನಾಡಿದರೂ, ಒಂದು ನಿಮಿಷದ ಶಾಯರಿ ಅಥವಾ ಚುಚ್ಚುಮಾತನ್ನು ಮಾತ್ರ ಕತ್ತರಿಸಿ, ಸಂಗೀತ ಸೇರಿಸಿ, ‘ಬೆವರಿಳಿಸಿದರು’ ಎಂಬ ತಲೆಬರಹದೊಂದಿಗೆ ಹಂಚಲಾಗುತ್ತದೆ. ಹಾಗಾಗಿ ಆ ಒಂದು ನಿಮಿಷವನ್ನೇ ಗುರಿಯಾಗಿಸಿಕೊಂಡು ಸಿದ್ಧವಾಗಿ ಬರುವವರು ಹೆಚ್ಚುತ್ತಿದ್ದಾರೆ. ಸಂಸದ್ ಟಿವಿ ಕೂಡ ಬಿಡಿ ಭಾಷಣಗಳನ್ನು ತನ್ನ ಪುಟದಲ್ಲಿ ಹಾಕುತ್ತದೆ. ಅದು ತಪ್ಪಲ್ಲ, ಆದರೆ ಪ್ರತಿ ಬಿಡಿ ಭಾಷಣದ ಕೆಳಗೆ ಆ ಇಡೀ ಚರ್ಚೆಯ ಕೊಂಡಿ ಮತ್ತು ಸಚಿವರ ಉತ್ತರದ ಕೊಂಡಿ ಇರಬೇಕು. ಬ್ರಿಟನ್ ತನ್ನ ಸಂಸತ್ತಿನ ದೃಶ್ಯಗಳನ್ನು ಲಘು ಮನರಂಜನೆಗೂ ರಾಜಕೀಯ ವಿಡಂಬನೆಗೂ ಬಳಸಬಾರದೆಂಬ ನಿಯಮ ಇಟ್ಟುಕೊಂಡಿದೆ. ವಿಡಂಬನೆಯನ್ನು ತಡೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಸ್ಯಗಾರರು ಅಣಕಿಸುವುದರಿಂದ ನಾಯಕನ ಘನತೆ ಹೋಗುವುದಿಲ್ಲ. ತಾನೇ ಸದನದಲ್ಲಿ ಹಾಸ್ಯಗಾರನಂತೆ ಕುಣಿದರೆ ಹೋಗುತ್ತದೆ.

ಅಧಿವೇಶನ ಇಲ್ಲದ ದಿನಗಳ ಕಾರ್ಯಕ್ರಮಗಳು ಏಕರೀತಿಯವಾಗಿಲ್ಲ. ಮಸೂದೆಗಳನ್ನು ವಿವರಿಸುವ ಚರ್ಚೆಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಬಹಳ ಉಪಯುಕ್ತ. ಆರಂಭದಲ್ಲಿ ಸಂಸದರನ್ನೇ ನಿರೂಪಕರನ್ನಾಗಿ ಮಾಡಿದ್ದರು. ಶಶಿ ತರೂರ್ ಮತ್ತು ಪ್ರಿಯಾಂಕಾ ಚತುರ್ವೇದಿ ಅವರು ಸಂದರ್ಶನ ನಡೆಸುತ್ತಿದ್ದರು. ರಾಜ್ಯಸಭೆಯ 12 ಸದಸ್ಯರ ಅಮಾನತಿನ ಹಿನ್ನೆಲೆಯಲ್ಲಿ 2021ರ ಡಿಸೆಂಬರಿನಲ್ಲಿ ಇಬ್ಬರೂ ಹಿಂದೆ ಸರಿದರು. ಅವರ ಕಾರ್ಯಕ್ರಮದ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಪ್ರಶ್ನೆ ಕೇಳಿಸಿಕೊಳ್ಳಬೇಕಾದ ಜನಪ್ರತಿನಿಧಿಯನ್ನು ಸರ್ಕಾರಿ ವೆಚ್ಚದ ಸ್ಟುಡಿಯೊದಲ್ಲಿ ನಿರೂಪಕನ ಕುರ್ಚಿಯಲ್ಲಿ ಕೂರಿಸುವ ಯೋಚನೆಯೇ ಸರಿಯಲ್ಲವೆಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಕರ್ನಾಟಕದ ವಿಧಾನಸಭೆಯ ಪರಿಸ್ಥಿತಿಯನ್ನು ಇದರೊಂದಿಗೆ ಹೋಲಿಸದೆ ಇರಲಾಗುವುದಿಲ್ಲ. 2012ರ ಫೆಬ್ರುವರಿಯಲ್ಲಿ ಕಲಾಪ ನಡೆಯುತ್ತಿರುವಾಗ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದು ಹೊರಗೆ ಬಂದದ್ದು ಖಾಸಗಿ ಸುದ್ದಿವಾಹಿನಿಯ ಕ್ಯಾಮೆರಾದಿಂದ. 2019ರ ಅಕ್ಟೋಬರಿನಿಂದ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಸದನದೊಳಗೆ ಪ್ರವೇಶ ನಿಂತಿತು. ಖಾಸಗಿ ವಾಹಿನಿಗಳು ಕಲಾಪವನ್ನು ಮನರಂಜನೆಯ ಸರಕಾಗಿ ಮಾಡಿದ್ದವು ಎಂಬುದು ನಿಜ, ಅದನ್ನೇ ಈ ಬರಹದ ಮೊದಲಿಗೂ ಹೇಳಿದ್ದೇನೆ. ಆದರೂ ಸಚಿವರ ಕೈಯಲ್ಲಿದ್ದ ಮೊಬೈಲನ್ನು ತೋರಿಸಿದ ಕ್ಯಾಮೆರಾ ಸದನದ ಮರ್ಯಾದೆ ಕಳೆಯಲಿಲ್ಲ. ಅದು ಮೊದಲೇ ಹೋಗಿತ್ತು. ಅಧಿಕೃತ ಪ್ರಸಾರವೊಂದೇ ಉಳಿದಾಗ ಆ ಪ್ರಸಾರದ ಮೇಲಿನ ಹೊಣೆ ಇಮ್ಮಡಿಯಾಗುತ್ತದೆ.

ಕನ್ನಡ ಪ್ರೇಕ್ಷಕರಿಗೆ ಭಾಷೆಯ ಪ್ರಶ್ನೆ ಮುಖ್ಯ. ಲೋಕಸಭೆಯಲ್ಲಿ ಸದಸ್ಯರಿಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತತ್‌ಕ್ಷಣದ ಅನುವಾದದ ಸೌಲಭ್ಯವಿದೆ. 2025ರಲ್ಲಿ ಇನ್ನಷ್ಟು ಭಾಷೆಗಳನ್ನು ಸೇರಿಸಲಾಯಿತು. ಆದರೆ ಮನೆಯ ಟಿವಿಯಲ್ಲಿ ವಾಹಿನಿ ಹಾಕಿದವರಿಗೆ ಸಿಗುವುದು ಬಹುಪಾಲು ಹಿಂದಿ ಮತ್ತು ಇಂಗ್ಲಿಷ್. ಎಚ್.ಡಿ. ದೇವೇಗೌಡರು ರಾಜ್ಯಸಭೆಯಲ್ಲಿ ರೈತರ ಬಗ್ಗೆ ಅಥವಾ ಕಾವೇರಿಯ ಬಗ್ಗೆ ಮಾತನಾಡುವುದನ್ನು, ಅದೇ ಸದನದಲ್ಲಿ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ಅವರು ಸರ್ಕಾರವನ್ನು ಪ್ರಶ್ನಿಸುವುದನ್ನು, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ ಅವರು ಹಣಕಾಸು ಮಸೂದೆಗೆ ಉತ್ತರ ಕೊಡುವುದನ್ನು ಹಾಸನದ, ಕಲಬುರಗಿಯ ಹಳ್ಳಿಯವರು ತಮ್ಮ ಭಾಷೆಯಲ್ಲೇ ಕೇಳುವಂತಾಗಬೇಕು. ಅನುವಾದಕರು ಈಗಾಗಲೇ ಇದ್ದಾರೆ. ಅವರ ಧ್ವನಿಯನ್ನು ಟಿವಿಯಲ್ಲಿ ಆಯ್ಕೆ ಮಾಡಿಕೊಳ್ಳುವಂತೆ ಕೊಡುವುದಷ್ಟೇ ಉಳಿದಿರುವುದು. ಮಸೂದೆಗಳನ್ನೂ ಇಲಾಖೆಗಳ ಕೆಲಸವನ್ನೂ ಪರಿಶೀಲಿಸುವ ಸಂಸದೀಯ ಸ್ಥಾಯಿ ಸಮಿತಿಗಳ ಸಭೆಗಳು ಈ ವಾಹಿನಿಯಲ್ಲಿ ಬರುವುದಿಲ್ಲ, ಅವು ಗೋಪ್ಯವಾಗಿ ನಡೆಯುತ್ತವೆ. ಪಕ್ಷಭೇದ ಮರೆತು ಸದಸ್ಯರು ಹೆಚ್ಚು ಶ್ರದ್ಧೆಯಿಂದ ಕೆಲಸ ಮಾಡುವುದು ಅಲ್ಲಿಯೇ ಎಂದು ಹಿರಿಯ ಸಂಸದರು ಹೇಳುತ್ತ ಬಂದಿದ್ದಾರೆ. ಸಾಕ್ಷ್ಯ ಹೇಳಿಕೆಯ ಭಾಗವನ್ನಾದರೂ ಬ್ರಿಟನ್ನಿನಂತೆ ತೆರೆದಿಟ್ಟರೆ ಒಳ್ಳೆಯದು.

ಸಮಯ ಕಡಿಮೆ ಇರುವವರು ಅಧಿವೇಶನದ ಶುಕ್ರವಾರ ಮಧ್ಯಾಹ್ನದ ಕಲಾಪವನ್ನು ನೋಡಬಹುದು. ಮಂತ್ರಿಗಳಲ್ಲದ ಸದಸ್ಯರು ತಾವೇ ಬರೆದ ಖಾಸಗಿ ಮಸೂದೆಗಳನ್ನು ಮಂಡಿಸುವ ಹೊತ್ತು ಅದು. ಆಸನಗಳು ಬಹುತೇಕ ಖಾಲಿ ಇರುತ್ತವೆ, ಪತ್ರಕರ್ತರೂ ಕಡಿಮೆ. 2015ರ ಏಪ್ರಿಲ್ 24ರ ಶುಕ್ರವಾರ ಡಿಎಂಕೆಯ ತಿರುಚಿ ಶಿವಾ ಅವರು ತಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ ಅಂಥದ್ದೇ ಒಂದು ಹೊತ್ತಿನಲ್ಲಿ ಅಂಗೀಕರಿಸಿತು; ಮೇಲ್ಮನೆ ಖಾಸಗಿ ಮಸೂದೆಯೊಂದನ್ನು ಹೀಗೆ ಒಪ್ಪಿ ನಾಲ್ಕು ದಶಕಗಳೇ ಕಳೆದಿದ್ದವು. ಮಸೂದೆ ಮುಂದೆ ಆ ರೂಪದಲ್ಲಿಯೇ ಕಾಯ್ದೆಯಾಗಲಿಲ್ಲ, ಸರ್ಕಾರ 2019ರಲ್ಲಿ ಬೇರೆ ಕಾಯ್ದೆ ತಂದಿತು. ಆದರೆ ಆ ಮಧ್ಯಾಹ್ನ ಮಸೂದೆಯನ್ನು ಹಿಂಪಡೆಯುವಂತೆ ಸರ್ಕಾರ ಕೇಳಿಕೊಂಡರೂ ಸದಸ್ಯರು ಪಟ್ಟು ಬಿಡಲಿಲ್ಲ, ಕೊನೆಗೆ ಇಡೀ ಸದನ ಒಮ್ಮತದಿಂದ ಅದನ್ನು ಒಪ್ಪಿತು.